ಒಂದು ಸೆಮಿಸ್ಟರ್ ಹೊರಗೆ: ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೆ ಯಾವ ದಾರಿ?

ಮೂರನೇ ಸೆಮಿಸ್ಟರಿನ ಪರೀಕ್ಷೆ ಮುಗಿಯುತ್ತಿದ್ದಂತೆ ಈ ಪ್ರಶ್ನೆಗಳು ಬರತೊಡಗುತ್ತವೆ. “ಸಾರ್, ಆರು ತಿಂಗಳು ಜರ್ಮನಿಗೆ ಹೋಗಿ ಬರಬಹುದಂತೆ, ಹೋಗಲಾ?” “ಮಗಳಿಗೆ ಬೆಂಗಳೂರಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ, ಕಾಲೇಜಿನವರು ಬಿಡ್ತಾರಾ?” “ಎರಡು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ ಅಂತ ಏಜೆಂಟ್ ಒಬ್ಬರು ಹೇಳ್ತಿದ್ದಾರೆ, ನಂಬಬಹುದಾ?” ಕೇಳುವವರಲ್ಲಿ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನವರಿದ್ದಾರೆ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜಾದ ಎಐಟಿಯವರಿದ್ದಾರೆ, ಅಲ್ಲಿಯ ಐಡಿಎಸ್‌ಜಿ ಸರ್ಕಾರಿ ಪದವಿ ಕಾಲೇಜಿನ ಬಿಎಸ್ಸಿ ಹುಡುಗಿಯರಿದ್ದಾರೆ, ಕಾರೇಕೆರೆಯ ಕೃಷಿ ಕಾಲೇಜಿನವರೂ ಇದ್ದಾರೆ. ಎಲ್ಲರಿಗೂ ಒಂದೇ ಉತ್ತರ ಹೇಳಲಾಗದು. ಆದರೆ ಎಲ್ಲರೂ ಒಂದೇ ಕಡೆಯಿಂದ ಲೆಕ್ಕ ಶುರುಮಾಡಬಹುದು. ಹೊರಗೆ ಓದಿದ್ದು ನಿಮ್ಮ ಅಂಕಪಟ್ಟಿಗೆ ಬಂದು ಸೇರುತ್ತದೆಯೇ? ಸೇರುತ್ತದೆ ಎಂದು ನೀವು ಹೊರಡುವ ಮೊದಲೇ ಕಾಲೇಜು ಬರೆದುಕೊಡುತ್ತದೆಯೇ? ಊರು, ದೇಶ, ಖರ್ಚು ಎಲ್ಲ ಆಮೇಲಿನ ಮಾತು.

ಯಾವುದರಿಂದ ಅಳೆಯುವುದು

ಮೊದಲನೆಯದು ಕ್ರೆಡಿಟ್, ಅಂದರೆ ಓದಿ ಪಾಸಾದ ಪ್ರತಿ ವಿಷಯಕ್ಕೂ ಅದರ ಪಾಠದ ಗಂಟೆಗಳ ಮೇಲೆ ಸಿಗುವ ಲೆಕ್ಕ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯ ಬಿಇ ಪದವಿಗೆ ಈಗಿನ ಸ್ಕೀಮಿನಲ್ಲಿ, ಅಂದರೆ ಪಠ್ಯಯೋಜನೆಯಲ್ಲಿ, 160 ಕ್ರೆಡಿಟ್ ಬೇಕು. ಹೊರಗೆ ಕಳೆದ ಸಮಯಕ್ಕೆ ಈ 160ರಲ್ಲಿ ಎಷ್ಟು ದಕ್ಕುತ್ತದೆ ಎಂಬುದೇ ಆ ಪ್ರವಾಸದ ನಿಜವಾದ ಬೆಲೆ. ಕ್ರೆಡಿಟ್ ಬರದಿದ್ದರೆ ವಾಪಸ್ ಬಂದಮೇಲೆ ಅದೇ ವಿಷಯಗಳನ್ನು ಜೂನಿಯರ್‌ಗಳ ಜೊತೆ ಕೂತು ಓದಬೇಕು, ಇಲ್ಲವೇ ಒಂದು ವರ್ಷ ಕೈಬಿಡಬೇಕು.

ಎರಡನೆಯದು ಹಾಜರಾತಿ ಮತ್ತು ಕ್ಯಾಲೆಂಡರ್. ವಿಟಿಯು ಪ್ರತಿ ವಿಷಯಕ್ಕೂ ಶೇ. 85 ಹಾಜರಾತಿ ಕೇಳುತ್ತದೆ. ಕಾರಣ ಒಪ್ಪುವಂತಿದ್ದರೆ ಶೇ. 10ರವರೆಗೆ ಮನ್ನಾ ಸಿಗಬಹುದು. ಅದಕ್ಕಿಂತ ಕೆಳಗಿಳಿದರೆ ಪ್ರಿನ್ಸಿಪಾಲರು ಎಷ್ಟೇ ಒಳ್ಳೆಯವರಾಗಿದ್ದರೂ ಪರೀಕ್ಷೆಗೆ ಕೂರಿಸಲಾರರು.

ಮೂರನೆಯದು ಹಣ. ಇಲ್ಲಿ ಒಟ್ಟು ಎಷ್ಟು ಎಂಬುದರ ಜೊತೆಗೆ ಯಾವಾಗ ಬೇಕು ಎಂಬುದೂ ಮುಖ್ಯ. ಅರೇಬಿಕಾ ಕೊಯ್ಲು ಮುಗಿದು ಕಾಸು ಕೈಗೆ ಬರುವುದು ಜನವರಿ ನಂತರ. ಯುರೋಪಿನ ಚಳಿಗಾಲದ ಸೆಮಿಸ್ಟರಿಗೆ ದುಡ್ಡು ತೋರಿಸಬೇಕಾದದ್ದು ಜುಲೈ, ಆಗಸ್ಟಿನಲ್ಲಿ. ಮುಂಗಾರಿನ ಆಲೂಗಡ್ಡೆ ನಂಬಿದ ಹಾಸನದ ಮನೆಗಳಲ್ಲೂ ಆ ತಿಂಗಳುಗಳಲ್ಲಿ ದುಡ್ಡು ಹೊಲದಲ್ಲೇ ಇರುತ್ತದೆ.

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ: ಅಲ್ಲಿ ಏನಾದರೂ ಕೆಟ್ಟರೆ ವಾಪಸ್ ಬರಲು ಬಾಗಿಲು ತೆರೆದಿರುತ್ತದೆಯೇ? ನಿಮ್ಮ ಸೀಟು, ಹಾಸ್ಟೆಲ್ ಕೊಠಡಿ, ವಿದ್ಯಾರ್ಥಿವೇತನ ಇವೆಲ್ಲ ನೀವಿಲ್ಲದ ಆರು ತಿಂಗಳು ಯಾರ ಹೆಸರಲ್ಲಿರುತ್ತವೆ? ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಜಾಲತಾಣದ ಮೂಲಕ ವಿದ್ಯಾರ್ಥಿವೇತನ ಪಡೆಯುವವರು, ಸರ್ಕಾರಿ ಹಾಸ್ಟೆಲಿನಲ್ಲಿ ಇರುವವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಇನ್ನು, ಈ ಪ್ರಶ್ನೆಗಳಿಗೆ ಉತ್ತರ ಕೊಡುವವರು ಯಾರು ಎಂಬುದೂ ಕಾಲೇಜಿನಿಂದ ಕಾಲೇಜಿಗೆ ಬೇರೆ. 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಸ್ವಾಯತ್ತ. ಅಂಥ ಕಡೆ ಪಠ್ಯಕ್ರಮ ಮಂಡಳಿ, ಅಕಾಡೆಮಿಕ್ ಕೌನ್ಸಿಲ್, ಪರೀಕ್ಷಾ ನಿಯಂತ್ರಕರು ಎಲ್ಲ ಕ್ಯಾಂಪಸ್ಸಿನಲ್ಲೇ ಇರುತ್ತಾರೆ. ‘ಈ ವಿಷಯ ನಮ್ಮ ಆ ವಿಷಯಕ್ಕೆ ಸಮ’ ಎಂಬ ತೀರ್ಮಾನ ಅಲ್ಲೇ ಆಗಬಲ್ಲದು. ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಸಂಯೋಜಿತ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರು (ಎಚ್‌ಒಡಿ) ತಲೆಯಾಡಿಸಿದರೆ ಸಾಲದು, ಉತ್ತರ ಬೆಳಗಾವಿಯಿಂದ ಬರಬೇಕು. ಐಡಿಎಸ್‌ಜಿಯವರಿಗೆ ಕುವೆಂಪು ವಿಶ್ವವಿದ್ಯಾಲಯ. ಹಾಸನದ ಪದವಿ ಕಾಲೇಜುಗಳಿಗೆ ಈಗ ಹಾಸನ ವಿಶ್ವವಿದ್ಯಾಲಯ. ಅದು ಹೊಸದು, ಉಳಿಸುವುದೋ ಬೇರೆಯದಕ್ಕೆ ಸೇರಿಸುವುದೋ ಎಂಬ ಚರ್ಚೆ 2025ರಲ್ಲಿ ಸರ್ಕಾರದ ಮಟ್ಟದಲ್ಲೇ ನಡೆದಿದೆ. ಹಾಗಾಗಿ ಅಲ್ಲಿಯ ವಿದ್ಯಾರ್ಥಿಗಳು ಟ್ರಾನ್ಸ್‌ಕ್ರಿಪ್ಟ್‌ಗೆ (ಎಲ್ಲ ಸೆಮಿಸ್ಟರುಗಳ ಅಂಕಗಳ ಅಧಿಕೃತ ಪಟ್ಟಿಗೆ) ಕೊನೆಯ ಗಳಿಗೆವರೆಗೆ ಕಾಯದೆ ಮೊದಲೇ ಅರ್ಜಿ ಹಾಕುವುದು ಕ್ಷೇಮ.

ವಿದೇಶದಲ್ಲಿ ಒಂದು ಸೆಮಿಸ್ಟರ್

ಎಲ್ಲರ ಕಣ್ಣು ಇದರ ಮೇಲೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಇದರಲ್ಲಿ ಎರಡು ಬಗೆ. ಒಂದು, ನಿಮ್ಮ ಕಾಲೇಜಿಗೂ ಅಲ್ಲಿಯ ವಿಶ್ವವಿದ್ಯಾಲಯಕ್ಕೂ ಒಪ್ಪಂದ ಇರುವ ಎಕ್ಸ್‌ಚೇಂಜ್. ಇದರಲ್ಲಿ ಸಾಮಾನ್ಯವಾಗಿ ನೀವು ಇಲ್ಲಿಯ ಫೀಸು ಕಟ್ಟುತ್ತೀರಿ, ಅಲ್ಲಿಯ ಬೋಧನಾ ಶುಲ್ಕ ಮನ್ನಾ. ಇನ್ನೊಂದು, ಒಪ್ಪಂದವಿಲ್ಲದೆ ನೀವೇ ದುಡ್ಡು ಕಟ್ಟಿ ಹೋಗುವುದು. ಇಲ್ಲಿಯ ಫೀಸೂ ತಪ್ಪದು, ಅಲ್ಲಿಯದೂ ತಪ್ಪದು. ಎರಡನೆಯದನ್ನು ‘ಸೆಮಿಸ್ಟರ್ ಅಬ್ರಾಡ್’ ಎಂಬ ಚಂದದ ಹೆಸರಿಟ್ಟು ಮಾರುತ್ತಾರೆ. ಒಪ್ಪಂದ ಇದೆ ಎಂದು ಕಾಲೇಜಿನ ಬ್ರೋಷರಿನಲ್ಲಿ ಕಂಡರೂ ಅದು ಈಗಲೂ ಚಾಲ್ತಿಯಲ್ಲಿದೆಯೇ, ಅದರಲ್ಲಿ ಶುಲ್ಕ ಮನ್ನಾ ಎಂಬ ಮಾತು ಬರೆದಿದೆಯೇ, ನಿಮ್ಮ ಬ್ರ್ಯಾಂಚಿಗೆ ಅನ್ವಯಿಸುತ್ತದೆಯೇ ಎಂದು ಕೇಳಿ. ಫೋಟೋಗೆ ಕೈಕುಲುಕಿ ಮುಗಿದ ಒಪ್ಪಂದಗಳೂ ಇರುತ್ತವೆ.

ಈಗ ಕ್ರೆಡಿಟ್ಟಿನ ಲೆಕ್ಕ. ಯುರೋಪಿನಲ್ಲಿ ಇಸಿಟಿಎಸ್ ಎಂಬ ಅಳತೆ: ವರ್ಷಕ್ಕೆ 60, ಸೆಮಿಸ್ಟರಿಗೆ 30. ಒಂದು ಇಸಿಟಿಎಸ್ ಎಂದರೆ ಪಾಠ, ಓದು, ಪರೀಕ್ಷೆ ತಯಾರಿ ಎಲ್ಲ ಸೇರಿ 25ರಿಂದ 30 ಗಂಟೆ ಕೆಲಸ. ನಮ್ಮಲ್ಲಿ ಒಂದು ಕ್ರೆಡಿಟ್ ಎಂದರೆ ವಾರಕ್ಕೊಂದು ಗಂಟೆಯ ಪಾಠ, ಸೆಮಿಸ್ಟರ್ ಪೂರ್ತಿ. ಎರಡೂ ಬೇರೆ ಬೇರೆ ಅಳತೆ. ಹಾಗಾಗಿ 30 ಇಸಿಟಿಎಸ್ ಮುಗಿಸಿ ಬಂದವರಿಗೆ ಇಲ್ಲಿ ಎಷ್ಟು ಸಿಗುತ್ತದೆ ಎಂಬುದನ್ನು ನಿಮ್ಮ ಕಾಲೇಜೇ ಹೇಳಬೇಕು.

ಒಂದು ಉದಾಹರಣೆ ತೆಗೆದುಕೊಳ್ಳಿ. ವಿಟಿಯು ಸ್ಕೀಮಿನಲ್ಲಿ ಐಪಿಸಿಸಿ ಎಂಬ ವಿಷಯಗಳಿವೆ: ಥಿಯರಿಯೂ ಲ್ಯಾಬೂ ಸೇರಿ 4 ಕ್ರೆಡಿಟ್. ಅದಕ್ಕೆ ಹೊಂದುವಂಥದ್ದು ಎಂದು ನೀವು ಅಲ್ಲಿ 5 ಇಸಿಟಿಎಸ್‌ನ ಒಂದು ಕೋರ್ಸ್ ಹುಡುಕುತ್ತೀರಿ. ಸಿಲಬಸ್ ತಾಳೆಯಾಗುತ್ತದೆ, ಆದರೆ ಅದರಲ್ಲಿ ಲ್ಯಾಬ್ ಇಲ್ಲ. ಲ್ಯಾಬ್ ಬೇರೆ ಕೋರ್ಸು, ಅದು ಬೇಸಿಗೆ ಸೆಮಿಸ್ಟರಿನಲ್ಲಿ ಮಾತ್ರ, ಅಥವಾ ಜರ್ಮನ್ ಭಾಷೆಯಲ್ಲಿ ಮಾತ್ರ. ಇಲ್ಲಿ ಎಚ್‌ಒಡಿ ಫಾರಂ ನೋಡಿ “ಲ್ಯಾಬ್ ಎಲ್ಲಪ್ಪಾ?” ಅನ್ನುತ್ತಾರೆ. ಅವರ ಪ್ರಶ್ನೆ ಸರಿಯೇ. ಮುಂದಿನ ಸಾಲಿಗೆ ಬಂದರೆ ಎನ್‌ಎಸ್‌ಎಸ್, ಯೋಗ ಅಥವಾ ದೈಹಿಕ ಶಿಕ್ಷಣ. ಕ್ರೆಡಿಟ್ ಇಲ್ಲದಿದ್ದರೂ ಪಾಸಾಗಲೇಬೇಕಾದದ್ದು. ಮ್ಯೂನಿಕ್ಕಿನಲ್ಲಿ ನಿಮಗೆ ಎನ್‌ಎಸ್‌ಎಸ್ ಅಂಕ ಕೊಡುವವರು ಯಾರು? ಇಂಥ ಚಿಕ್ಕಪುಟ್ಟವನ್ನು ಮುಂದಿನ ಸೆಮಿಸ್ಟರಿಗೆ ತಳ್ಳಲು ಅನುಮತಿ ಸಿಗಬಹುದು, ಆದರೆ ಆ ಅನುಮತಿಯೂ ಕಾಗದದ ಮೇಲೇ ಇರಬೇಕು.

ಇದಕ್ಕೆಂದೇ ಲರ್ನಿಂಗ್ ಅಗ್ರಿಮೆಂಟ್ ಎಂಬ ಫಾರಂ ಇದೆ. ಎಡಗಡೆ ಅಲ್ಲಿಯ ಕೋರ್ಸ್ ಕೋಡ್, ಹೆಸರು, ಕ್ರೆಡಿಟ್. ಬಲಗಡೆ ಅದಕ್ಕೆ ಬದಲಾಗಿ ಇಲ್ಲಿ ಬಿಟ್ಟುಕೊಡುವ ವಿಷಯದ ಕೋಡ್, ಕ್ರೆಡಿಟ್. ಕೆಳಗೆ ಸಹಿಗಳು. ಅಲ್ಲಿಯವರ ಸಹಿ ಬೇಗ ಬರುತ್ತದೆ. ಇಲ್ಲಿ ಎಚ್‌ಒಡಿ, ಡೀನ್, ಪರೀಕ್ಷಾ ನಿಯಂತ್ರಕರು ಮೂವರ ಸಹಿಯೂ ಇರಲಿ. ಎಚ್‌ಒಡಿ ವರ್ಗವಾಗಿ ಹೋಗಬಹುದು, ನಿವೃತ್ತರಾಗಬಹುದು. ಪರೀಕ್ಷಾ ವಿಭಾಗದ ಕಡತದಲ್ಲಿ ಉಳಿದ ಹಾಳೆ ಅಲ್ಲೇ ಇರುತ್ತದೆ. ಅಲ್ಲಿಗೆ ಹೋದಮೇಲೆ ಕೋರ್ಸ್ ಬದಲಾದರೆ ಹೊಸ ಫಾರಂ ಕಳಿಸಿ ಮತ್ತೆ ಸಹಿ ತರಿಸಿಕೊಳ್ಳಿ. ವಾಟ್ಸ್ಆ್ಯಪ್‌ನ ‘ಓಕೆ’ಗೆ ಬೆಲೆ ಇಲ್ಲ. ಇನ್ನೊಂದನ್ನೂ ಕೇಳಿಟ್ಟುಕೊಳ್ಳಿ: ಅಲ್ಲಿಯ ಅಂಕ ಇಲ್ಲಿಯ ಗ್ರೇಡ್ ಆಗಿ ಬದಲಾಗುತ್ತದೆಯೋ, ಬರೀ ‘ಉತ್ತೀರ್ಣ’ ಎಂದು ಸೇರುತ್ತದೆಯೋ? ಸಿಜಿಪಿಎ (ಒಟ್ಟು ಸರಾಸರಿ ಗ್ರೇಡ್) 9ರ ಆಸುಪಾಸಿನಲ್ಲಿ ಇರುವವರಿಗೆ ಬರೀ ಉತ್ತೀರ್ಣವೇ ಒಳ್ಳೆಯದು. ಜರ್ಮನ್ ಪ್ರೊಫೆಸರುಗಳ ಅಂಕದ ಕೈ ನಮ್ಮವರಷ್ಟು ಧಾರಾಳವಲ್ಲ.

ಆಮೇಲೆ ಕ್ಯಾಲೆಂಡರ್. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠ ಫೆಬ್ರವರಿವರೆಗೆ, ಪರೀಕ್ಷೆಗಳು ಅದರ ಬೆನ್ನಿಗೆ. ಅಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿರುತ್ತದೆ. ನೀವು ಮಾರ್ಚಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದು ಹಾಸನದ ಬಸ್ ಹತ್ತುವಾಗ ಇಲ್ಲಿ ಮೊದಲ ಇಂಟರ್ನಲ್ಸ್ (ಕಾಲೇಜಿನ ಒಳಗಿನ ಪರೀಕ್ಷೆ) ಆಗಿ ಹೋಗಿರಬಹುದು, ಶೇ. 85ರ ಲೆಕ್ಕ ಆಗಲೇ ತಪ್ಪಿರಬಹುದು. ಇದಕ್ಕೆ ಪರಿಹಾರ ಇಲ್ಲದಿಲ್ಲ: ತಡವಾಗಿ ಸೇರಲು ಅನುಮತಿ, ಇಂಟರ್ನಲ್ಸ್‌ಗೆ ಬದಲಿ ದಿನಾಂಕ. ಇದೂ ಹೋಗುವ ಮೊದಲೇ ಆಗಬೇಕಾದ ಮಾತು. ಕಾಲೇಜುಗಳು ಬಹುಮಟ್ಟಿಗೆ ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇಲ್ಲದವರನ್ನು ಮಾತ್ರ ಕಳಿಸುವುದಕ್ಕೂ, ಮೊದಲ ವರ್ಷದವರಿಗೆ ಬಾಗಿಲು ತೆರೆಯದಿರುವುದಕ್ಕೂ ಕಾರಣ ಇಷ್ಟೇ. ಈ ಗೊಂದಲವನ್ನು ಹೊರುವಷ್ಟು ಬಿಡುವು ಅಂಥ ವಿದ್ಯಾರ್ಥಿಗಳ ಕ್ಯಾಲೆಂಡರಿನಲ್ಲಿ ಇರುವುದಿಲ್ಲ.

ಖರ್ಚಿಗೆ ಬರೋಣ. ಜರ್ಮನಿಯ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಖಾತೆಯಲ್ಲಿ) ತಿಂಗಳಿಗೆ 992 ಯೂರೋ, ವರ್ಷಕ್ಕಾದರೆ 11,904 ಯೂರೋ ತೋರಿಸಬೇಕು ಎಂಬುದು 2024ರ ಸೆಪ್ಟೆಂಬರಿನಿಂದ ಬಂದ ಲೆಕ್ಕ. ಯೂರೋಗೆ ನೂರು ರೂಪಾಯಿ ಹಿಡಿದರೂ ಆರು ತಿಂಗಳಿಗೆ ಆರು ಲಕ್ಷದ ಹತ್ತಿರ. ವಿಮಾನ, ವಿಮೆ, ವೀಸಾ ಶುಲ್ಕ, ಚಳಿಗೆ ಬಟ್ಟೆ ಇದರ ಮೇಲೆ. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ ಎಂಬುದು ನಿಜ, ಆದರೆ ‘ಜರ್ಮನಿ ಫ್ರೀ’ ಎಂಬ ಮಾತು ಕೇಳಿ ಹೊರಟವರಿಗೆ ಈ ಆರು ಲಕ್ಷ ಒಂದು ಪೆಟ್ಟು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಶುಲ್ಕ ಮನ್ನಾ ಇರುವ ಚಾಲ್ತಿ ಒಪ್ಪಂದ, ಸಹಿಯಾದ ಫಾರಂ, ಸಾಲ ಮಾಡದೆ ಆರೇಳು ಲಕ್ಷ ಹೊಂದಿಸುವ ಶಕ್ತಿ, ಈ ಮೂರೂ ಇದ್ದರೆ ಹೋಗಿ. ಮುಂದೆ ಎಂಎಸ್ ಮಾಡುವ ಯೋಚನೆ ಇರುವವರಿಗೆ ಅಲ್ಲಿಯ ಪ್ರೊಫೆಸರ್ ಒಬ್ಬರ ಶಿಫಾರಸು ಪತ್ರ ತುಂಬ ಬೆಲೆಬಾಳುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಈ ದಾರಿ ಸದ್ಯಕ್ಕೆ ಬೇಡ.

‘ಎರಡು ಇಲ್ಲಿ, ಎರಡು ಅಲ್ಲಿ’

ಈ ಹೆಸರಿನಲ್ಲಿ ಮೂರು ಬೇರೆ ಬೇರೆ ಸರಕು ಮಾರಾಟಕ್ಕಿವೆ.

ಮೊದಲನೆಯದು ನಿಯಮ ಒಪ್ಪುವ ಜಂಟಿ ಓದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಗಳು ಟ್ವಿನ್ನಿಂಗ್, ಜಾಯಿಂಟ್ (ಎರಡೂ ಸಂಸ್ಥೆ ಸೇರಿ ಒಂದೇ ಪದವಿ), ಡ್ಯೂಯಲ್ (ಎರಡೂ ಕಡೆಯಿಂದ ಪದವಿ) ಎಂಬ ಮೂರು ರೂಪಗಳನ್ನು ಒಪ್ಪುತ್ತವೆ. ಟ್ವಿನ್ನಿಂಗ್‌ನಲ್ಲಿ ವಿದೇಶದಲ್ಲಿ ಗಳಿಸುವ ಕ್ರೆಡಿಟ್ ಒಟ್ಟಿನ ಶೇ. 30 ಮೀರುವಂತಿಲ್ಲ, ಪದವಿ ಕೊಡುವುದು ಭಾರತದ ಸಂಸ್ಥೆ. ಜಾಯಿಂಟ್, ಡ್ಯೂಯಲ್ ಪದವಿಗಳಲ್ಲಿ ಕನಿಷ್ಠ ಶೇ. 30 ಇಲ್ಲಿಯ ಸಂಸ್ಥೆಯಲ್ಲಿ ಓದಿರಬೇಕು. ಯುಜಿಸಿಯ ಅನುಮತಿಗೆ ಕಾಯದೆ ಇಂಥ ಒಪ್ಪಂದ ಮಾಡಿಕೊಳ್ಳಬೇಕಾದರೆ ಇಲ್ಲಿಯ ಸಂಸ್ಥೆಗೆ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ, ಅಥವಾ ಕೇಂದ್ರ ಸರ್ಕಾರದ ಶ್ರೇಯಾಂಕವಾದ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯ ಪಟ್ಟಿಯ ಮೊದಲ ನೂರರಲ್ಲಿ ಸ್ಥಾನ, ಅಥವಾ ಶ್ರೇಷ್ಠ ಸಂಸ್ಥೆಯ ಮಾನ್ಯತೆ ಇರಬೇಕು. ಅಲ್ಲಿಯದು ಕ್ಯೂಎಸ್ ಅಥವಾ ಟೈಮ್ಸ್ ಜಾಗತಿಕ ಶ್ರೇಯಾಂಕದ ಮೊದಲ ಸಾವಿರದಲ್ಲಿರಬೇಕು. ಆನ್‌ಲೈನ್, ದೂರಶಿಕ್ಷಣದ ಕೋರ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

ಎರಡನೆಯದು ಬರೀ ಟ್ರಾನ್ಸ್‌ಫರ್. ಏಜೆಂಟರು ‘ಟೂ ಪ್ಲಸ್ ಟೂ’ ಎನ್ನುವುದು ಎಷ್ಟೋ ಸಲ ಇದನ್ನೇ. ಎರಡು ವರ್ಷದ ಅಂಕಪಟ್ಟಿ ಹಿಡಿದು ಅಲ್ಲಿ ಮೂರನೇ ವರ್ಷಕ್ಕೆ ಸೇರುತ್ತೀರಿ. ಇಲ್ಲಿಯ ಸೀಟು ಬಿಟ್ಟು ಹೊರಟಿರುತ್ತೀರಿ. ಎಷ್ಟು ಕ್ರೆಡಿಟ್ ಒಪ್ಪುವುದು ಎಂಬುದು ಆ ವಿಶ್ವವಿದ್ಯಾಲಯದ ಇಷ್ಟ. ವೀಸಾ ಸಿಗದಿದ್ದರೆ ಕೈಯಲ್ಲಿ ಉಳಿಯುವುದು ನಾಲ್ಕು ಅಂಕಪಟ್ಟಿ. ಸಿಇಟಿಯಲ್ಲಿ ರ‍್ಯಾಂಕ್ ತೆಗೆದು ಗಳಿಸಿದ ಸೀಟು ಕಾದು ಕೂರುವುದಿಲ್ಲ. ಹಾಗಾಗಿ ವೀಸಾ ಕೈಗೆ ಬರುವವರೆಗೆ ಟಿಸಿ ತೆಗೆದುಕೊಳ್ಳಬೇಡಿ, ಯಾರು ಏನೇ ಅವಸರ ಮಾಡಲಿ.

ಮೂರನೆಯದು ಆನ್‌ಲೈನ್ ಕಂಪನಿಗಳು ವಿದೇಶಿ ಸಂಸ್ಥೆಯ ಹೆಸರಿಟ್ಟು ಮನೆಯಲ್ಲೇ ಕೊಡುವ ಪದವಿ. ಒಪ್ಪಿಗೆಯಿಲ್ಲದ ಇಂಥ ಪದವಿಗಳಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ 2023ರ ಡಿಸೆಂಬರಿನಲ್ಲೇ ಎಚ್ಚರಿಸಿದೆ. ಇದರ ಬಗ್ಗೆ ಹೆಚ್ಚು ಮಾತು ಬೇಡ.

ನಿಜವಾದ ಟ್ವಿನ್ನಿಂಗ್, ಟ್ರಾನ್ಸ್‌ಫರ್ ಎರಡೂ ಹೊರಗೇ ನೆಲೆಸುವ ತೀರ್ಮಾನ ಮಾಡಿದವರಿಗೆ, ಬ್ಯಾಂಕ್ ಸಾಲವನ್ನು ಹತ್ತಾರು ವರ್ಷ ಹೊರುವ ಧೈರ್ಯ ಇರುವವರಿಗೆ. ಸಾಲದ ಮಾತಿಗೆ ಬಂದರೆ, ಬ್ಯಾಂಕುಗಳ ಸಂಘವಾದ ಐಬಿಎಯ ಮಾದರಿಯಲ್ಲಿ ನಾಲ್ಕು ಲಕ್ಷದವರೆಗೆ ಮಾರ್ಜಿನ್, ಅಂದರೆ ನೀವು ಕೈಯಿಂದ ಹಾಕುವ ಪಾಲು, ಇಲ್ಲ. ಅದಕ್ಕಿಂತ ಹೆಚ್ಚಾದರೆ ವಿದೇಶದ ಓದಿಗೆ ಶೇ. 15 ನೀವು ಹಾಕಬೇಕು. ಏಳೂವರೆ ಲಕ್ಷ ದಾಟಿದರೆ ಅಡಮಾನ. ನಮ್ಮ ಕಡೆಯ ತಾಪತ್ರಯ ಶುರುವಾಗುವುದೇ ಇಲ್ಲಿ. ಪಹಣಿ ಇನ್ನೂ ಅಜ್ಜನ ಹೆಸರಲ್ಲಿರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ, ದೊಡ್ಡಪ್ಪ ಚಿಕ್ಕಪ್ಪಂದಿರ ಸಹಿ ಬೇಕು. ಗದ್ದೆ, ಹೊಲ ಕೊಟ್ಟರೆ ಬ್ಯಾಂಕಿನವರು ಮೂಗು ಮುರಿಯುತ್ತಾರೆ, ಏಕೆಂದರೆ ಸಾಲ ತೀರಿಸದಿದ್ದರೆ ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆ ಹರಾಜು ಹಾಕಲು ಬಿಡುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಅವರಿಗೆ ಪಟ್ಟಣದ ಮನೆಯೋ ಪರಿವರ್ತಿತ ಸೈಟೋ ಬೇಕು. ಕಾಫಿ ತೋಟದ ಕತೆ ಬೇರೆ. ಅದೇ ಕಾಯ್ದೆಯಡಿ ಬ್ಯಾಂಕುಗಳು ತೋಟಗಳನ್ನು ಹರಾಜಿಗಿಟ್ಟದ್ದು, ಬೆಳೆಗಾರರು ಅದರ ವಿರುದ್ಧ ಬೀದಿಗಿಳಿದದ್ದು ಚಿಕ್ಕಮಗಳೂರಿನ ಯಾರಿಗೂ ಹೊಸತಲ್ಲ. ಮಗನ ಎರಡು ವರ್ಷಕ್ಕೆ ತೋಟದ ಪತ್ರ ಕೊಡುವ ಮುಂಚೆ ಮನೆಮಂದಿ ಎಲ್ಲ ಕೂತು ಮಾತಾಡಿ.

ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ವಿದೇಶದಲ್ಲಿ ಪದವಿ ಓದಲು ಕೊಡುವ ನೆರವು ಅದು; ಒಂದೇ ಸೆಮಿಸ್ಟರ್ ಹೋಗಿ ಬರುವವರು ಅದನ್ನು ಲೆಕ್ಕಕ್ಕಿಟ್ಟುಕೊಳ್ಳಬಾರದು.

ಬೆಂಗಳೂರು, ಮೈಸೂರು: ಕೊನೆಯ ಸೆಮಿಸ್ಟರ್ ಕ್ಯಾಂಪಸ್ಸಿನ ಹೊರಗೆ

ನನ್ನನ್ನು ಕೇಳಿದರೆ ಇಲ್ಲಿಯ ಬಹುಪಾಲು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೊಂದುವ ದಾರಿ ಇದು. ಕಾರಣ ಸರಳ. ಇದಕ್ಕೆ ಯಾರನ್ನೂ ಬೇಡಬೇಕಾಗಿಲ್ಲ, ನಿಯಮದಲ್ಲೇ ಜಾಗ ಇದೆ. ವಿಟಿಯುವಿನ 2022ರ ಸ್ಕೀಮಿನಲ್ಲಿ ಎಂಟನೇ ಸೆಮಿಸ್ಟರಿನ ದೊಡ್ಡ ಪಾಲು ಇಂಟರ್ನ್‌ಶಿಪ್ಪಿಗೇ ಮೀಸಲು, 10 ಕ್ರೆಡಿಟ್. ಜೊತೆಗಿರುವ ಎಲೆಕ್ಟಿವ್‌ಗಳು (ಐಚ್ಛಿಕ ವಿಷಯಗಳು) ಆನ್‌ಲೈನ್. ಏಳನೆಯದನ್ನೂ ಎಂಟನೆಯದನ್ನೂ ಅದಲುಬದಲು ಮಾಡಲು ಅವಕಾಶವಿದೆ, ಅರ್ಧ ತರಗತಿ ಒಂದು ಸೆಮಿಸ್ಟರ್ ಹೊರಗಿದ್ದರೆ ಉಳಿದರ್ಧ ಇನ್ನೊಂದರಲ್ಲಿ. ಆದ್ದರಿಂದ ಹಾಜರಾತಿ, ಕ್ಯಾಲೆಂಡರ್, ಸೀಟು ಯಾವ ತಲೆನೋವೂ ಇಲ್ಲ.

ತಲೆನೋವು ಬೇರೆ ಕಡೆ ಇದೆ. ದುಡ್ಡು ಕಟ್ಟಿಸಿಕೊಂಡು ‘ಇಂಟರ್ನ್‌ಶಿಪ್’ ಕೊಡುವವರು ಊರ ತುಂಬ ಇದ್ದಾರೆ. ಐದಾರು ಸಾವಿರ ಕೊಟ್ಟರೆ ಕೆಲವು ವಾರ ವಿಡಿಯೋ ಪಾಠ, ಕೊನೆಗೊಂದು ಬಣ್ಣದ ಸರ್ಟಿಫಿಕೇಟ್. ಕ್ರೆಡಿಟ್ ಸಿಗಬಹುದು, ಕೆಲಸ ಸಿಗದು. ಕಂಪನಿ ನಿಮಗೆ ಕೊಡುತ್ತದೆಯೋ ನೀವು ಕಂಪನಿಗೆ ಕೊಡುತ್ತೀರೋ ಎಂದು ನೋಡಿದರೆ ಸಾಕು, ಅರ್ಧ ಜೊಳ್ಳು ಹಾರಿಹೋಗುತ್ತದೆ. ಸ್ಟೈಪೆಂಡ್ ಇಲ್ಲದಿದ್ದರೂ ಸರಿ, ನಿಮ್ಮ ಕೆಲಸ ನೋಡುವ ಎಂಜಿನಿಯರ್ ಒಬ್ಬರ ಹೆಸರು ಆಫರ್ ಲೆಟರಿನಲ್ಲಿ ಇರಲಿ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಗ್ಗೆಯೂ ಕೇಳುತ್ತಾರೆ; ಅದು ಪೂರ್ಣಾವಧಿ ಓದುತ್ತಿರುವವರಿಗಲ್ಲ, ಓದು ಮುಗಿಸಿದ ಮೇಲೆ ನೋಡಿ.

ಖರ್ಚು ಹಿಡಿತದಲ್ಲಿರುತ್ತದೆ. ಬೆಂಗಳೂರಿನಲ್ಲಿ ಊಟ ಸೇರಿ ಪಿಜಿಗೆ ತಿಂಗಳಿಗೆ ಎಂಟರಿಂದ ಹನ್ನೆರಡು ಸಾವಿರ ಹಿಡಿಯಿರಿ. ಕಂಪನಿ ಇರುವ ಬಡಾವಣೆ ನೋಡಿ ಏರುಪೇರಾಗುತ್ತದೆ. ಹುಡುಗಿಯರಿಗೆ ಒಂದು ಅನುಕೂಲ: ಶಕ್ತಿ ಯೋಜನೆಯಿಂದ ಕೆಎಸ್‌ಆರ್‌ಟಿಸಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ. ಶನಿವಾರ ಸಂಜೆ ಮೆಜೆಸ್ಟಿಕ್‌ನಲ್ಲಿ ಸೀಟು ಹಿಡಿಯುವ ಸಾಹಸ ಮಾತ್ರ ನಿಮ್ಮದೇ. ಹಾಸನದವರಿಗೆ ಶ್ರವಣಬೆಳಗೊಳದ ಮೇಲಿನ ರೈಲೂ ಇದೆ.

ಬೆಂಗಳೂರಿಗೆ ಓಡುವ ಮೊದಲು ಮನೆಯ ಹತ್ತಿರವೂ ಒಮ್ಮೆ ನೋಡಿ. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಹಾಸನದಲ್ಲೇ ಇದೆ. ವಿದ್ಯಾರ್ಥಿ ಪ್ರಾಜೆಕ್ಟಿಗೆ ಅವಕಾಶ ಇದೆಯೇ ಎಂದು ಕಾಲೇಜಿನ ಪತ್ರದ ಮೂಲಕ ವಿಚಾರಿಸಿ. ಸಸ್ಯಶಾಸ್ತ್ರ, ಜೈವಿಕ ತಂತ್ರಜ್ಞಾನದವರಿಗೆ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ಇದೆ, 1925ರಿಂದ ಕಾಫಿ ಗಿಡದ ಮೇಲೇ ಕೆಲಸ ಮಾಡುತ್ತಿರುವ ಜಾಗ. ಅಂಥ ಕಡೆ ಮೂರು ತಿಂಗಳು ಮಾಡಿದ ಪ್ರಾಜೆಕ್ಟ್ ರೆಸ್ಯೂಮಿನಲ್ಲಿ ಹೆಸರೇ ಕೇಳದ ಕಂಪನಿಗಿಂತ ಮೇಲೆ ನಿಲ್ಲುತ್ತದೆ.

ಕಾರೇಕೆರೆಯ ಕೃಷಿ, ಮೂಡಿಗೆರೆಯ ತೋಟಗಾರಿಕೆ ವಿದ್ಯಾರ್ಥಿಗಳಿಗೆ ಈ ಆಯ್ಕೆಯ ಪ್ರಶ್ನೆಯೇ ಕಮ್ಮಿ. ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ಉಳಿದು ಮಾಡುವ ಗ್ರಾಮೀಣ ಕಾರ್ಯಾನುಭವ ಪಠ್ಯಕ್ರಮದಲ್ಲೇ ಇದೆ. ಅದನ್ನು ಬಿಟ್ಟು ವಿದೇಶಕ್ಕೆ ಹೋಗಬೇಕೆಂದರೆ ಆ ಸೆಮಿಸ್ಟರ್ ಮುಟ್ಟದ ಯೋಜನೆ ಹಾಕಬೇಕು.

ಬೇಸಿಗೆಯ ಎರಡು ತಿಂಗಳು

ಕ್ರೆಡಿಟ್ಟಿನ ಗೋಜಲಿಗೇ ಹೋಗದೆ ಹೊರಗಿನ ಗಾಳಿ ಕಾಣಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಭಾರತದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಎರಡು ತಿಂಗಳದ್ದು. ದೇಶದ ಯಾವುದಾದರೂ ಸಂಸ್ಥೆಯ ವಿಜ್ಞಾನಿಯ ಬಳಿ ಕೆಲಸ, ಭತ್ಯೆಯೂ ಉಂಟು. ಅರ್ಜಿ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಮುಗಿಯುತ್ತದೆ, ಅಂದರೆ ಬೇಸಿಗೆಯ ಯೋಚನೆ ದೀಪಾವಳಿಗೇ ಬರಬೇಕು. ಒಂದು ಪುಟದ ಬರಹ, ಮೇಷ್ಟರೊಬ್ಬರ ಶಿಫಾರಸು ಬೇಕು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರವೂ ಇಂಥದ್ದನ್ನು ನಡೆಸುತ್ತದೆ. ವಿದೇಶವೇ ಬೇಕೆಂದರೆ ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ ಸಂಶೋಧನಾ ಇಂಟರ್ನ್‌ಶಿಪ್, 12 ವಾರ, ಪೈಪೋಟಿ ಜೋರು.

ಇದರಲ್ಲಿರುವ ಒಂದೇ ತೊಡಕು ರಜೆ. ಪದವಿ ಕಾಲೇಜಿನ ರಜೆ ಏಪ್ರಿಲ್, ಮೇ ಎಂದಿರುವುದಿಲ್ಲ. ವಿಟಿಯು ಕ್ಯಾಲೆಂಡರಂತೂ ವರ್ಷವರ್ಷವೂ ಸರಿಯುತ್ತದೆ. ಆಯ್ಕೆಯಾದಮೇಲೆ ದಿನಾಂಕ ಹೊಂದಿಸಿಕೊಳ್ಳಲು ಮಾರ್ಗದರ್ಶಕ ವಿಜ್ಞಾನಿಗೆ ಬರೆಯಿರಿ. ಬಹಳಷ್ಟು ಮಂದಿ ಒಪ್ಪುತ್ತಾರೆ.

ಮನೆಯಲ್ಲೇ ಕೂತು ಹೊರಗಿನ ಪಾಠ

ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ವೇದಿಕೆಯ ಕೋರ್ಸುಗಳಿಂದ ಒಂದು ಸೆಮಿಸ್ಟರಿನ ವಿಷಯಗಳಲ್ಲಿ ಶೇ. 40ರವರೆಗೆ ಒಪ್ಪಬಹುದು ಎನ್ನುತ್ತದೆ ಯುಜಿಸಿಯ 2021ರ ನಿಯಮ. ಒಪ್ಪಬಹುದು ಎಂದರೆ ನಿಮ್ಮ ವಿಶ್ವವಿದ್ಯಾಲಯ ಒಪ್ಪಿದೆ ಎಂದೇನೂ ಅಲ್ಲ, ಸ್ಕೀಮಿನ ಪುಸ್ತಕ ನೋಡಬೇಕು. ಅದರಲ್ಲೇ ಐಐಟಿಗಳವರು ನಡೆಸುವ ಎನ್‌ಪಿಟಿಇಎಲ್‌ನಲ್ಲಿ 4, 8, 12 ವಾರದ ಕೋರ್ಸುಗಳಿವೆ, ಸಾಮಾನ್ಯವಾಗಿ 1, 2, 3 ಕ್ರೆಡಿಟ್. ಸೇರಲು ಕಾಸಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಎರಡೂ ಬಂದರೆ ಪಾಸು. ಪರೀಕ್ಷೆ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಮಳೆಗಾಲದಲ್ಲಿ ಕಳಸ, ಕೊಪ್ಪದ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಮನೆಗಳವರು ಜುಲೈ ಬ್ಯಾಚಿಗಿಂತ ಜನವರಿಯದ್ದು ಹಿಡಿಯುವುದು ಒಳ್ಳೆಯದು.

ಎಕ್ಸ್‌ಚೇಂಜಿಗೆ ಹೋಗುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಅಲ್ಲಿ ಸರಿಸಮ ಸಿಗದ ಎಲೆಕ್ಟಿವ್‌ಗಳನ್ನು ಮುಂಚೆಯೇ ಇಲ್ಲಿ ಮುಗಿಸಿಟ್ಟರೆ ಹೊರಗಿನ ಸೆಮಿಸ್ಟರ್ ಹಗುರ. ಈ ಕ್ರೆಡಿಟ್‌ಗಳೆಲ್ಲ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ಆನ್‌ಲೈನ್ ಖಾತೆಯಲ್ಲಿ ನಿಮ್ಮ ಹೆಸರಿಗೆ ಕೂರುತ್ತವೆ, ಹೆಚ್ಚೆಂದರೆ ಏಳು ವರ್ಷ. ಆದರೆ ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧ ಕ್ರೆಡಿಟ್ ಗಳಿಸಿರಬೇಕು. ವಿದೇಶಿ ವಿಶ್ವವಿದ್ಯಾಲಯದ ಕ್ರೆಡಿಟ್ ತಾನಾಗಿ ಬಂದು ಅಲ್ಲಿ ಸೇರುವುದಿಲ್ಲ. ಸೇರಿಸಬೇಕಾದವರು ನಿಮ್ಮ ಕಾಲೇಜಿನವರು.

ಪದವಿ ಕಾಲೇಜಿನವರಿಗೆ ಇನ್ನೊಂದು ಬಾಗಿಲೂ ಇದೆ. 2022ರಿಂದ ಒಂದು ಪೂರ್ಣಾವಧಿ ಪದವಿಯ ಜೊತೆಗೇ ದೂರಶಿಕ್ಷಣದಲ್ಲಿ ಇನ್ನೊಂದು ಪದವಿ ಓದಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದಕ್ಕೆ ಹತ್ತಿರದ ಆಯ್ಕೆ. ಹೊರಗೆ ಹೋಗಲು ಮನೆಯಲ್ಲಿ ಒಪ್ಪದಿದ್ದಾಗ, ಅಥವಾ ಅಪ್ಪನಿಗೆ ತೋಟದಲ್ಲಿ ಜೊತೆ ಬೇಕಾದಾಗ, ಇದು ಕೈಗೆಟಕುವ ದಾರಿ. ಎಂಜಿನಿಯರಿಂಗ್, ನರ್ಸಿಂಗ್‌ನಂಥವು ದೂರಶಿಕ್ಷಣದಲ್ಲಿ ಇಲ್ಲ.

ಮೆಡಿಕಲ್‌ನವರಿಗೆ

ಹಾಸನದ ಮೆಡಿಕಲ್ ಕಾಲೇಜಾದ ಹಿಮ್ಸ್‌ನವರೂ ಚಿಕ್ಕಮಗಳೂರಿನ ಮೆಡಿಕಲ್ ಕಾಲೇಜಿನವರೂ ಮೇಲಿನದನ್ನೆಲ್ಲ ಮರೆತುಬಿಡಿ. ಎಂಬಿಬಿಎಸ್‌ನಲ್ಲಿ ಮಧ್ಯೆ ಕಾಲೇಜು ಬದಲಿಸುವ ಅವಕಾಶವನ್ನು 2023ರ ನಿಯಮ ತೆಗೆದೇಹಾಕಿತು. ವಿದೇಶದಲ್ಲೇ ಎಂಬಿಬಿಎಸ್ ಶುರುಮಾಡುವವರಿಗೆ 2021ರ ನಿಯಮ ಇನ್ನೂ ಬಿಗಿ: ಒಂದೇ ಸಂಸ್ಥೆಯಲ್ಲಿ ಕನಿಷ್ಠ 54 ತಿಂಗಳ ಓದು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ, ಬಂದಮೇಲೆ ಇಲ್ಲಿ ಪರೀಕ್ಷೆ, ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಯುಕ್ರೇನಿನಿಂದ ಬಂದವರಿಗೆ 2022ರಲ್ಲಿ ಬೇರೆ ದೇಶದಲ್ಲಿ ಓದು ಮುಂದುವರಿಸಲು ಬಿಟ್ಟದ್ದು ಯುದ್ಧದ ಕಾರಣಕ್ಕೆ. ಅದನ್ನೇ ತೋರಿಸಿ ‘ಆಮೇಲೆ ಬದಲಿಸಬಹುದು’ ಎನ್ನುವ ಏಜೆಂಟರ ಮಾತಿಗೆ ಕಿವಿಗೊಡಬೇಡಿ.

ಹೊರಡುವುದು ಖಚಿತವಾದರೆ

ವಿದೇಶದ ಯಾವುದೇ ದಾರಿ ಹಿಡಿದರೂ ಮೊದಲ ಕೆಲಸ ಹೆಸರು ಸರಿಮಾಡಿಸುವುದು. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ‘ಎಚ್.ಕೆ.’ ಎಂದು ಇನಿಷಿಯಲ್, ಆಧಾರಿನಲ್ಲಿ ಹಿಂದೆ, ಕಾಲೇಜಿನ ದಾಖಲೆಯಲ್ಲಿ ಒಂದೇ ಅಕ್ಷರ, ಹೀಗೆ ಮೂರು ಥರ ಇರುವವರು ನಮ್ಮಲ್ಲಿ ಬೇಕಾದಷ್ಟು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು: ಎಚ್ ಎಂದರೆ ಹೊಳೆನರಸೀಪುರವೋ ಹಾನಬಾಳೋ, ಕೆ ಎಂದರೆ ಅಪ್ಪನ ಹೆಸರೋ. ಅಲ್ಲಿಯ ವಿಶ್ವವಿದ್ಯಾಲಯ ಪಾಸ್‌ಪೋರ್ಟಿನಲ್ಲಿದ್ದ ಹೆಸರಿಗೇ ಟ್ರಾನ್ಸ್‌ಕ್ರಿಪ್ಟ್ ಕೊಡುತ್ತದೆ, ಇಲ್ಲಿಯ ಪರೀಕ್ಷಾ ವಿಭಾಗ ಅಂಕಪಟ್ಟಿಯ ಹೆಸರು ಹುಡುಕುತ್ತದೆ. ತಾಳೆಯಾಗದಿದ್ದರೆ ಕ್ರೆಡಿಟ್ ಕಡತದಲ್ಲೇ ಉಳಿಯುತ್ತದೆ. ಪಾಸ್‌ಪೋರ್ಟ್ ಅರ್ಜಿಗೆ ಹಾಸನದ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ, ಆನ್‌ಲೈನಿನಲ್ಲಿ ಸಮಯ ಕಾದಿರಿಸಿ ಹೋಗಬೇಕು. ಹೆಸರಿನ ತಿದ್ದುಪಡಿಗೆ, ಪೊಲೀಸ್ ಪರಿಶೀಲನೆಗೆ, ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟಿಗೆ ತಿಂಗಳುಗಳೇ ಹಿಡಿಯುವುದರಿಂದ ಐದನೇ ಸೆಮಿಸ್ಟರಿಗೆ ಹೊರಡುವವರು ಮೂರನೆಯದರಲ್ಲೇ ಅಂಚೆ ಕಚೇರಿಯ ಮೆಟ್ಟಿಲು ಹತ್ತಿ.